ಕೆರೆಯ ಲೆಕ್ಕ: ಸಣ್ಣ ಪಟ್ಟಣಗಳ ಕೊಳಚೆ ನೀರು ಮತ್ತು ನಿರ್ವಹಣಾ ವೆಚ್ಚದ ಪ್ರಶ್ನೆ

ನಮ್ಮ ರಾಜ್ಯದ ಒಳನಾಡಿನ ಸಣ್ಣ ಪಟ್ಟಣಗಳಲ್ಲಿ ಅನೇಕವು ಒಂದಲ್ಲ ಒಂದು ಕೆರೆಯ ಆಸರೆಯಲ್ಲಿ ಬೆಳೆದವು. ಪೇಟೆ, ಸಂತೆ ಮೈದಾನ, ದೇವಸ್ಥಾನ, ಶಾಲೆ ಎಲ್ಲವೂ ಕೆರೆಯ ಆಸುಪಾಸಿನಲ್ಲಿಯೇ ಇರುತ್ತವೆ. ಊರಿನ ಚರಂಡಿಗಳೂ ಇಳಿಜಾರನ್ನು ಹಿಡಿದು ಕೊನೆಗೆ ಸೇರುವುದು ಬಹುಮಟ್ಟಿಗೆ ಅದೇ ಕೆರೆಯನ್ನು. ಬಾವಿಯಿಂದ ನೀರು ಸೇದಿ ತರುತ್ತಿದ್ದ ಕಾಲದಲ್ಲಿ ಚರಂಡಿಯಲ್ಲಿ ಹರಿಯುತ್ತಿದ್ದ ನೀರು ಅತ್ಯಲ್ಪವಾಗಿದ್ದು, ಕೆರೆ ಅದನ್ನು ಸಹಿಸಿಕೊಳ್ಳುತ್ತಿತ್ತು. ಮನೆಮನೆಗೆ ನಲ್ಲಿ ಬಂದ ಮೇಲೆ ಪರಿಸ್ಥಿತಿ ಬದಲಾಯಿತು.

ಈ ವಿಷಯ ಚರ್ಚೆಗೆ ಬಂದಾಗಲೆಲ್ಲ ನಮ್ಮ ಸದಸ್ಯ ಬಾಂಧವರು ಕೇಳುವ ಪ್ರಶ್ನೆ ಒಂದೇ: "ನಮ್ಮ ಊರಿಗೆ ಶುದ್ಧೀಕರಣ ಘಟಕ ಯಾವಾಗ ಮಂಜೂರಾಗುತ್ತದೆ?" ಈ ಪ್ರಶ್ನೆ ಅಪೂರ್ಣವೆಂಬುದು ನನ್ನ ಅಭಿಪ್ರಾಯ. ಘಟಕದ ನಿರ್ಮಾಣವು ಬಂಡವಾಳ ವೆಚ್ಚವಾಗಿದ್ದು, ಅದಕ್ಕೆ ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ಅನುದಾನ ಒಂದಲ್ಲ ಒಂದು ಯೋಜನೆಯಡಿ ದೊರೆಯುತ್ತದೆ. ಕೆರೆ ಉಳಿಯುವುದು ಅಥವಾ ಹಾಳಾಗುವುದು ಮಾತ್ರ ರಾಜಸ್ವ ಲೆಕ್ಕದಲ್ಲಿ. ಅಂದರೆ ಆ ಘಟಕವನ್ನು ಪ್ರತಿ ತಿಂಗಳೂ ನಡೆಸುವ ಹಣ ಎಲ್ಲಿಂದ ಬರುತ್ತದೆ ಎಂಬುದರಲ್ಲಿ.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 2021ರ ಮಾರ್ಚ್‌ನಲ್ಲಿ ಪ್ರಕಟಿಸಿದ ರಾಷ್ಟ್ರೀಯ ಪಟ್ಟಿಯ ಅಂಕಿಗಳು ಇದನ್ನೇ ಸೂಚಿಸುತ್ತವೆ. ದೇಶದ ನಗರ ಪ್ರದೇಶಗಳಲ್ಲಿ ದಿನಕ್ಕೆ ಉತ್ಪತ್ತಿಯಾಗುವ ಕೊಳಚೆ ನೀರು 72,368 ದಶಲಕ್ಷ ಲೀಟರ್. ಸ್ಥಾಪಿತ ಶುದ್ಧೀಕರಣ ಸಾಮರ್ಥ್ಯ 31,841 ದಶಲಕ್ಷ ಲೀಟರ್. ಅದರಲ್ಲಿ ಚಾಲನೆಯಲ್ಲಿದ್ದದ್ದು 26,869. ನಿಜವಾಗಿ ಬಳಕೆಯಾದದ್ದು 20,236 ದಶಲಕ್ಷ ಲೀಟರ್ ಮಾತ್ರ. ಘಟಕಗಳೇ ಇಲ್ಲದಿರುವುದು ಒಂದು ಕೊರತೆ. ಕಟ್ಟಿದ ಸಾಮರ್ಥ್ಯದಲ್ಲಿ ಮೂರನೆಯ ಒಂದಕ್ಕಿಂತ ಹೆಚ್ಚು ಭಾಗ ಕೆಲಸ ಮಾಡದೆ ನಿಂತಿರುವುದು ಮತ್ತೊಂದು. ಯಾವುದೇ ಕಾರ್ಖಾನೆಯ ಮಾಲೀಕರು ತಮ್ಮ ಯಂತ್ರಗಳ ಬಗ್ಗೆ ಇಂಥ ವರದಿ ಬಂದರೆ ಮಾರನೆಯ ದಿನವೇ ವ್ಯವಸ್ಥಾಪಕರನ್ನು ಕರೆಸಿ ಕೇಳುತ್ತಾರೆ.

ಕೆರೆಗೆ ಆಗುವ ಹಾನಿಯ ಸ್ವರೂಪ

ಒಳಚರಂಡಿ ಇರುವ ಪಟ್ಟಣಗಳಿಗೆ ಪ್ರತಿ ವ್ಯಕ್ತಿಗೆ ದಿನಕ್ಕೆ 135 ಲೀಟರ್ ನೀರು ಒದಗಿಸಬೇಕೆಂಬುದು ಅಂಗೀಕೃತ ಮಾನದಂಡ. ಅದರಲ್ಲಿ ಸುಮಾರು ಶೇ. 80ರಷ್ಟು ಕೊಳಚೆಯಾಗಿ ಹಿಂದಿರುಗುತ್ತದೆ ಎಂದು ಲೆಕ್ಕ ಹಿಡಿಯಲಾಗುತ್ತದೆ. ಅಂತೆಯೇ 30,000 ಜನಸಂಖ್ಯೆಯ ಪಟ್ಟಣವೊಂದು ಪೂರ್ಣ ಪ್ರಮಾಣದಲ್ಲಿ ನೀರು ಪಡೆದರೆ ದಿನಕ್ಕೆ 32.4 ಲಕ್ಷ ಲೀಟರ್ ಕೊಳಚೆ ಹೊರಬರುತ್ತದೆ. ಮಳೆಗಾಲ, ಬೇಸಿಗೆ ಎಂಬ ಭೇದವಿಲ್ಲದೆ ಕೆರೆಗೆ ತಪ್ಪದೆ ಬರುವ ಒಳಹರಿವು ಇದೊಂದೇ.

ಕೊಳಚೆಯು ಕೆರೆಗೆ ಎರಡು ಬಗೆಯ ಹಾನಿ ಉಂಟುಮಾಡುತ್ತದೆ. ಮೊದಲನೆಯದು ಎಲ್ಲರಿಗೂ ಗೋಚರಿಸುವಂಥದು. ಕೊಳೆಯುವ ಪದಾರ್ಥವನ್ನು ಅರಗಿಸಿಕೊಳ್ಳುವ ಸೂಕ್ಷ್ಮಜೀವಿಗಳು ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಬಳಸಿಕೊಳ್ಳುತ್ತವೆ. ಈ ಬೇಡಿಕೆಯನ್ನೇ ಜೈವಿಕ ಆಮ್ಲಜನಕ ಬೇಡಿಕೆ (ಬಿ.ಓ.ಡಿ.) ಎಂದು ಅಳೆಯುತ್ತಾರೆ. ಬೇಡಿಕೆ ಪೂರೈಕೆಗಿಂತ ಹೆಚ್ಚಾದಾಗ ಮೀನುಗಳು ಸಾಯುತ್ತವೆ, ನೀರು ನಾರುತ್ತದೆ. ಸಾಮಾನ್ಯ ಶುದ್ಧೀಕರಣ ಘಟಕಗಳು ನಿವಾರಿಸುವುದು ಮುಖ್ಯವಾಗಿ ಈ ಹಾನಿಯನ್ನು.

ಎರಡನೆಯದು ಗುಪ್ತವಾದದ್ದು. ಮಲಮೂತ್ರ ಮತ್ತು ಸಾಬೂನು ಪುಡಿಗಳ ಮೂಲಕ ಬರುವ ರಂಜಕ ಹಾಗೂ ಸಾರಜನಕಗಳು ಕೆರೆಗೆ ಗೊಬ್ಬರದಂತೆ ಕೆಲಸ ಮಾಡುತ್ತವೆ. ಒಂದು ಗ್ರಾಂ ರಂಜಕವು ಒಣತೂಕದಲ್ಲಿ ಸುಮಾರು ನೂರು ಗ್ರಾಂ ಪಾಚಿಯನ್ನು ಬೆಳೆಸಬಲ್ಲದು. ಆ ಪಾಚಿ ಸತ್ತು ಕೊಳೆಯುವಾಗ ಸುಮಾರು 140 ಗ್ರಾಂ ಆಮ್ಲಜನಕವನ್ನು ಹೀರುತ್ತದೆ. ನಮ್ಮ ಉದಾಹರಣೆಯ ಪಟ್ಟಣದ ನೀರು ಶುದ್ಧೀಕರಣದ ನಂತರವೂ ಲೀಟರಿಗೆ 5 ಮಿಲಿಗ್ರಾಂ ರಂಜಕವನ್ನು ಉಳಿಸಿಕೊಂಡಿದೆ ಎಂದು ಭಾವಿಸಿದರೆ, ದಿನಕ್ಕೆ 16 ಕಿಲೋಗ್ರಾಂ ರಂಜಕ ಕೆರೆ ಸೇರುತ್ತದೆ. ಇದು ಒಂದೂವರೆ ಟನ್ನಿಗೂ ಮೀರಿದ ಪಾಚಿಗೆ ಸಾಕಾಗುವ ಬಂಡವಾಳ. ವ್ಯಾಪಾರಸ್ಥರ ಭಾಷೆಯಲ್ಲಿ ಹೇಳುವುದಾದರೆ ಇದು ನೂರು ಪಟ್ಟು ಬಡ್ಡಿಯ ಸಾಲ. ಘಟಕದಿಂದ ಹೊರಬರುವ ನೀರು ತಿಳಿಯಾಗಿ ಕಂಡರೂ ಕೆರೆಯಲ್ಲಿ ಪಾಚಿ ಮತ್ತು ಅಂತರಗಂಗೆ ಕಡಿಮೆಯಾಗದಿರುವ ಕಾರಣ ಇದೇ.

ಕೇಂದ್ರ ಸರ್ಕಾರವು 2017ರ ಅಕ್ಟೋಬರ್‌ನಲ್ಲಿ ಹೊರಡಿಸಿದ ಅಧಿಸೂಚನೆಯಲ್ಲಿ ಕೊಳಚೆ ಶುದ್ಧೀಕರಣ ಘಟಕಗಳಿಗೆ ರಂಜಕದ ಮಿತಿಯನ್ನೇ ವಿಧಿಸಿರಲಿಲ್ಲ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2019ರ ಏಪ್ರಿಲ್‌ನಲ್ಲಿ ನೀಡಿದ ಆದೇಶದಲ್ಲಿ ಕೆರೆ ಕುಂಟೆಗಳಿಗೆ ಬಿಡುವ ನೀರಿಗೆ ಲೀಟರಿಗೆ 1 ಮಿಲಿಗ್ರಾಂ ಎಂಬ ಮಿತಿ ಬಂದಿತು. ನದಿಗೆ ಬಿಡುವ ನೀರು ಹರಿದುಹೋಗುತ್ತದೆ. ಕೆರೆಗೆ ಬಿಟ್ಟದ್ದು ಅಲ್ಲಿಯೇ ಸಂಗ್ರಹವಾಗಿ ಹೂಳಿನಲ್ಲಿ ಕೂರುತ್ತದೆ. ಆದುದರಿಂದ ಈ ಪ್ರತ್ಯೇಕ ಮಿತಿ ನ್ಯಾಯವಾದುದೇ.

ಇಲ್ಲಿ ಒಂದು ಮಾತನ್ನು ನಿಷ್ಠುರವಾಗಿ ಹೇಳಬೇಕಾಗಿದೆ. ಕೆರೆ ಅಭಿವೃದ್ಧಿಯ ಹೆಸರಿನಲ್ಲಿ ಮೊದಲು ಹೂಳೆತ್ತಿ, ಸುತ್ತಲೂ ನಡಿಗೆ ಪಥ, ಬೇಲಿ, ಕಾರಂಜಿ, ದೋಣಿ ವಿಹಾರ ಇತ್ಯಾದಿಗಳಿಗೆ ವೆಚ್ಚ ಮಾಡಿ, ಚರಂಡಿಯ ಬಾಯಿಯನ್ನು ಮಾತ್ರ ಹಾಗೆಯೇ ಬಿಡುವ ಪದ್ಧತಿ ನಮ್ಮಲ್ಲಿ ಬೇರೂರಿದೆ. ಚರಂಡಿಯನ್ನು ಕೆರೆಯ ಪಕ್ಕದಿಂದ ತಿರುಗಿಸಿ ಕೋಡಿಯ ಕೆಳಗೆ ಬಿಡುವುದೂ ಪರಿಹಾರವಲ್ಲ. ನಮ್ಮ ಕೆರೆಗಳು ಸರಪಳಿಯಂತೆ ಹೆಣೆದುಕೊಂಡಿರುವುದರಿಂದ ಮೇಲಿನ ಊರಿನ ಕೊಳಚೆ ಕೆಳಗಿನ ಊರಿನ ಕೆರೆಗೆ ವರ್ಗಾವಣೆಯಾಗುತ್ತದೆ ಅಷ್ಟೆ. ಲೆಕ್ಕಪತ್ರದಲ್ಲಿ ಒಂದು ಖಾತೆಯಿಂದ ಇನ್ನೊಂದಕ್ಕೆ ನಷ್ಟವನ್ನು ಸರಿಸಿದಂತೆ.

ದೇವನಹಳ್ಳಿಯ ಪ್ರಯೋಗ

ಒಳಚರಂಡಿ ಇಲ್ಲದ ಪಟ್ಟಣಗಳಲ್ಲಿ ಕೊಳಚೆ ಎರಡು ದಾರಿ ಹಿಡಿಯುತ್ತದೆ. ಶೌಚಾಲಯದ್ದು ಗುಂಡಿಗೆ ಹೋಗುತ್ತದೆ. ಸ್ನಾನ, ಅಡುಗೆ, ಬಟ್ಟೆ ಒಗೆತದ ನೀರು ತೆರೆದ ಚರಂಡಿಗೆ ಹೋಗುತ್ತದೆ. ಗುಂಡಿ ತುಂಬಿದಾಗ ಸಕ್ಕಿಂಗ್ ಯಂತ್ರದ ವಾಹನ ಬಂದು ಮಲಕೆಸರನ್ನು ಹೀರಿಕೊಂಡು ಹೋಗುತ್ತದೆ. ಅದನ್ನು ಎಲ್ಲಿ ಸುರಿಯುತ್ತಾರೆ ಎಂದು ವಿಚಾರಿಸುವವರು ವಿರಳ.

2011ರ ಜನಗಣತಿಯಂತೆ ಸುಮಾರು 28,000 ಜನಸಂಖ್ಯೆಯಿದ್ದ ದೇವನಹಳ್ಳಿ ಪಟ್ಟಣದಲ್ಲಿ ಈ ಪ್ರಶ್ನೆಗೆ ಉತ್ತರ ಹುಡುಕಲಾಯಿತು. ಬೆಂಗಳೂರಿನ ಸಿ.ಡಿ.ಡಿ. ಸೊಸೈಟಿಯ ತಾಂತ್ರಿಕ ನೆರವಿನಿಂದ 2015ರಲ್ಲಿ ಅಲ್ಲಿ ಆರಂಭವಾದ ಮಲಕೆಸರು ಸಂಸ್ಕರಣಾ ಘಟಕವು ಪಟ್ಟಣದ ಮಟ್ಟದಲ್ಲಿ ದೇಶದಲ್ಲೇ ಮೊದಲನೆಯದೆಂದು ಪರಿಗಣಿತವಾಗಿದೆ. ಅದರ ಸಾಮರ್ಥ್ಯ ದಿನಕ್ಕೆ 6 ಸಾವಿರ ಲೀಟರ್. ಅಂದರೆ ಒಂದೆರಡು ಟ್ಯಾಂಕರ್. ಕೆಸರು ಇಳಿಜಾರಿನ ಬಲದಿಂದಲೇ ಒಂದು ತೊಟ್ಟಿಯಿಂದ ಇನ್ನೊಂದಕ್ಕೆ ಹರಿದು, ಗಾಳಿಯಿಲ್ಲದ ಸ್ಥಿತಿಯಲ್ಲಿ ಕಳಿತು, ಒಣಗುವ ಹಾಸುಗಳನ್ನು ಸೇರುತ್ತದೆ. ಬಸಿದ ನೀರು ಜಲ್ಲಿ ಮತ್ತು ಜೊಂಡು ಗಿಡಗಳ ಶೋಧಕದ ಮೂಲಕ ಹಾಯುತ್ತದೆ. ಒಣಗಿದ ಕೆಸರನ್ನು ಊರಿನ ಹಸಿ ಕಸದೊಡನೆ ಬೆರೆಸಿ ಗೊಬ್ಬರ ಮಾಡಲಾಗುತ್ತದೆ. ವಿದ್ಯುತ್ ಚಾಲಿತ ಗಾಳಿಯಂತ್ರಗಳ ಅಗತ್ಯವಿಲ್ಲದಿರುವುದೇ ಇದರ ದೊಡ್ಡ ಗುಣ. ನಿಲ್ಲುವ ಯಂತ್ರವೇ ಇಲ್ಲದಿದ್ದರೆ, ಯಂತ್ರ ನಿಂತು ಘಟಕ ಕೆಡುವ ಸಂಭವವೂ ಇಲ್ಲವಲ್ಲ!

ಈ ಮಾದರಿಯ ಮಿತಿಯನ್ನೂ ಗಮನಿಸಬೇಕು. ಮಲಕೆಸರು ಘಟಕವು ಗುಂಡಿಯಲ್ಲಿ ಶೇಖರವಾದದ್ದನ್ನು ಮಾತ್ರ ಸಂಸ್ಕರಿಸುತ್ತದೆ. ಸ್ನಾನದ ನೀರು, ಹೋಟೆಲಿನ ಮುಸುರೆ ನೀರು, ಗುಂಡಿಯಿಂದ ಉಕ್ಕಿ ಹರಿದದ್ದು ಇವೆಲ್ಲ ಚರಂಡಿಯಲ್ಲಿಯೇ ಕೆರೆಗೆ ಸಾಗುತ್ತವೆ. ಆದ್ದರಿಂದ ಚರಂಡಿಯ ಕೊನೆಯಲ್ಲಿ ಮತ್ತೊಂದು ಏರ್ಪಾಡು ಬೇಕೇ ಬೇಕು. ಬೆಂಗಳೂರಿನ ಜಕ್ಕೂರು ಕೆರೆಯಲ್ಲಿ, ದಿನಕ್ಕೆ 10 ದಶಲಕ್ಷ ಲೀಟರ್ ಸಾಮರ್ಥ್ಯದೊಂದಿಗೆ ಆರಂಭವಾದ ಘಟಕದಿಂದ ಹೊರಬಂದ ನೀರು ನೇರವಾಗಿ ಕೆರೆಗೆ ಬೀಳದೆ, ಜೊಂಡು ಬೆಳೆದ ಜೌಗು ಪ್ರದೇಶವನ್ನು ಹಾದು ಕೆರೆ ಸೇರುವ ವ್ಯವಸ್ಥೆಯಿದೆ. ಜೊಂಡು ಮತ್ತು ಅಲ್ಲಿನ ಕೆಸರು ರಂಜಕದ ಒಂದಂಶವನ್ನು ಹಿಡಿದಿಟ್ಟುಕೊಳ್ಳುತ್ತವೆ. ಕಾಲಕಾಲಕ್ಕೆ ಆ ಜೊಂಡನ್ನು ಕತ್ತರಿಸಿ ಹೊರಗೆ ಸಾಗಿಸಿದರೆ ಮಾತ್ರ ಈ ಲಾಭ. ಬಿಟ್ಟರೆ ಅದು ಅಲ್ಲಿಯೇ ಕೊಳೆತು ಪಡೆದದ್ದನ್ನು ಹಿಂದಿರುಗಿಸುತ್ತದೆ. ಇದಕ್ಕೂ ಕೂಲಿ ಬೇಕು, ಕೂಲಿಗೆ ಹಣ ಬೇಕು.

ಭೂಮಿಯೋ, ವಿದ್ಯುತ್ತೋ

ಘಟಕದ ಆಯ್ಕೆಯಲ್ಲಿ ಸಣ್ಣ ಪಟ್ಟಣದ ಮುಂದಿರುವುದು ಸ್ಥೂಲವಾಗಿ ಎರಡು ಮಾರ್ಗ. ಒಂದು, ಕೊಳಚೆಯನ್ನು ಸಾಲು ಹೊಂಡಗಳಲ್ಲಿ ಹಲವು ದಿನ ನಿಲ್ಲಿಸಿ ಬಿಸಿಲು, ಗಾಳಿ, ಪಾಚಿಗಳಿಂದ ಶುದ್ಧಗೊಳಿಸುವುದು. ಇದಕ್ಕೆ ಪ್ರತಿ ಹತ್ತು ಲಕ್ಷ ಲೀಟರಿಗೆ ಒಂದು ಹೆಕ್ಟೇರ್ ಅಥವಾ ಅದಕ್ಕೂ ಹೆಚ್ಚು ಜಮೀನು ಬೇಕಾಗಬಹುದು. ನಮ್ಮ ಉದಾಹರಣೆಗೆ ಎಂಟು ಎಕರೆಗೆ ಕಡಿಮೆಯಿಲ್ಲ. ಇನ್ನೊಂದು, ಗಾಳಿಯಂತ್ರಗಳಿಂದ ಆಮ್ಲಜನಕ ಒದಗಿಸಿ ಕೆಲವೇ ಗಂಟೆಗಳಲ್ಲಿ ಶುದ್ಧಗೊಳಿಸುವುದು. ಇದಕ್ಕೆ ಜಮೀನು ಅಲ್ಪ ಸಾಕು, ಆದರೆ ಹತ್ತು ಲಕ್ಷ ಲೀಟರಿಗೆ ಸುಮಾರು 200 ಯೂನಿಟ್ ವಿದ್ಯುತ್ ಬೇಕು. ಭೂಮಿಯ ಬೆಲೆಯನ್ನು ಒಮ್ಮೆ ಕೊಟ್ಟರೆ ತೀರಿತು, ವಿದ್ಯುತ್ ಬಿಲ್ಲು ಪ್ರತಿ ತಿಂಗಳೂ ಬರುತ್ತದೆ. ಪಟ್ಟಣದ ಅಂಚಿನಲ್ಲಿ ಜಮೀನು ಇನ್ನೂ ದೊರೆಯುವ ಕಡೆ ಹೊಂಡ ಮತ್ತು ಜೊಂಡಿನ ಮಾರ್ಗವನ್ನು ಮೊದಲು ಪರಿಶೀಲಿಸುವುದು ಲೇಸು. ಆದರೂ ಹೆಚ್ಚಿನ ಯೋಜನಾ ವರದಿಗಳು ಯಂತ್ರದ ಕಡೆಗೇ ವಾಲುವುದು ಸೋಜಿಗ.

ಒಂದು ಪಟ್ಟಣದ ಅಂದಾಜು ಲೆಕ್ಕ

ಈಗ ಯಂತ್ರಚಾಲಿತ ಘಟಕವೊಂದರ ವಾರ್ಷಿಕ ವೆಚ್ಚವನ್ನು ಲೆಕ್ಕ ಹಾಕೋಣ. ಕೆಳಗಿನ ಅಂಕಿಗಳು ಯಾವುದೇ ನಿರ್ದಿಷ್ಟ ಪಟ್ಟಣದವಲ್ಲ. ಲೆಕ್ಕದ ಕ್ರಮವನ್ನು ತೋರಿಸಲು ನಾನು ಇಟ್ಟುಕೊಂಡವು. ಓದುಗರು ತಮ್ಮ ಊರಿನ ಅಂಕಿಗಳನ್ನು ಹಾಕಿ ನೋಡಬಹುದು. ಜನಸಂಖ್ಯೆ 30,000, ಮನೆ ಮತ್ತು ಅಂಗಡಿಗಳು ಸೇರಿ 7,000 ಸಂಪರ್ಕಗಳು.

ವಿದ್ಯುತ್: ದಿನಕ್ಕೆ 648 ಯೂನಿಟ್, ಯೂನಿಟ್ಟಿಗೆ ರೂ. 7ರಂತೆ ರೂ. 16.56 ಲಕ್ಷ
ಸಿಬ್ಬಂದಿ: ಪಾಳಿಗಳಲ್ಲಿ 8 ಜನ, ತಲಾ ಮಾಸಿಕ ರೂ. 20,000ದಂತೆ ರೂ. 19.20 ಲಕ್ಷ
ರಾಸಾಯನಿಕ, ಕೆಸರು ವಿಲೇವಾರಿ, ನೀರಿನ ಪರೀಕ್ಷೆ, ದುರಸ್ತಿ: ರೂ. 15.00 ಲಕ್ಷ
ಯಂತ್ರಗಳ ಸವಕಳಿ: ರೂ. 4 ಕೋಟಿ ಮೌಲ್ಯ, 15 ವರ್ಷ ಬಾಳಿಕೆಯಂತೆ ರೂ. 26.67 ಲಕ್ಷ
ಒಟ್ಟು: ರೂ. 77.43 ಲಕ್ಷ

ಪ್ರತಿ ಸಂಪರ್ಕಕ್ಕೆ ವರ್ಷಕ್ಕೆ ರೂ. 1,106, ತಿಂಗಳಿಗೆ ರೂ. 92. ಸವಕಳಿಯನ್ನು ಬಿಟ್ಟರೆ ತಿಂಗಳಿಗೆ ಸುಮಾರು ರೂ. 60. ಕಲ್ಯಾಣ ಮಂಟಪ, ವಸತಿಗೃಹ, ಹೋಟೆಲು, ವಾಹನ ತೊಳೆಯುವ ಕೇಂದ್ರ, ಆಸ್ಪತ್ರೆಗಳು ನೀರಿನ ಬಳಕೆಗೆ ಅನುಗುಣವಾಗಿ ಹೆಚ್ಚು ತೆತ್ತರೆ ಸಾಮಾನ್ಯ ಮನೆಯ ಹೊರೆ ಇನ್ನೂ ಇಳಿಯುತ್ತದೆ. ಕೊಳವೆ ಮಾರ್ಗಗಳ ನಿರ್ವಹಣೆ ಇದರಲ್ಲಿ ಸೇರಿಲ್ಲವೆಂಬುದನ್ನು ನೆನಪಿಡಬೇಕು.

ಸವಕಳಿಯ ಬಗ್ಗೆ ಎರಡು ಮಾತು. ಅನುದಾನದಿಂದ ಬಂದ ಆಸ್ತಿಗೆ ಸವಕಳಿ ಏಕೆ ಎಂದು ಪುರಸಭೆಯ ಸದಸ್ಯರೂ ಕೇಳುವುದುಂಟು. ಉಚಿತವಾಗಿ ಬಂದ ಪಂಪು ಸಹ ಕೊಂಡು ತಂದ ಪಂಪಿನಷ್ಟೇ ಬೇಗ ಸವೆಯುತ್ತದೆ. 2006ರ ಲೆಕ್ಕಪತ್ರ ಮತ್ತು ಆಯವ್ಯಯ ನಿಯಮಗಳ ನಂತರ ನಮ್ಮ ಪುರಸಭೆಗಳು ಜೋಡಿ ನಮೂದು ಪದ್ಧತಿಗೆ ಬಂದಿದ್ದು, ಸವಕಳಿಯ ನಮೂದು ಪುಸ್ತಕದಲ್ಲಿ ಬೀಳುತ್ತದೆ. ಆದರೆ ನಮೂದು ಬಿದ್ದ ಮಾತ್ರಕ್ಕೆ ಬ್ಯಾಂಕಿನಲ್ಲಿ ಹಣ ಜಮೆಯಾಗುವುದಿಲ್ಲ. ಅಷ್ಟು ಮೊತ್ತವನ್ನು ಪ್ರತ್ಯೇಕ ನವೀಕರಣ ನಿಧಿಯಲ್ಲಿ ಇಡದಿದ್ದರೆ ಏಳೆಂಟು ವರ್ಷಗಳಲ್ಲಿ ಗಾಳಿಯಂತ್ರ ಕೆಟ್ಟಾಗ ಮತ್ತೆ ಬೆಂಗಳೂರಿಗೆ ಅರ್ಜಿ ಹೊತ್ತೊಯ್ಯಬೇಕು. ವೃತ್ತಿನಿಮಿತ್ತ ನಾನು ಭೇಟಿಯಿತ್ತ ಒಂದು ಪಟ್ಟಣದಲ್ಲಿ, ಕೆಟ್ಟ ಗಾಳಿಯಂತ್ರವೊಂದರ ದುರಸ್ತಿಗೆ ಮಂಜೂರಾತಿ ಕಾಯುತ್ತ ಇಡೀ ಘಟಕವೇ ನಿಂತಿತ್ತು. ಕೊಳಚೆ ಪಕ್ಕದ ಕಾಲುವೆಯಲ್ಲಿ ಹರಿಯುತ್ತಿತ್ತು. ಆಸ್ತಿ ಪಟ್ಟಿಯಲ್ಲಿ ಮಾತ್ರ ಘಟಕದ ಪೂರ್ಣ ಮೌಲ್ಯ ನಮೂದಾಗಿತ್ತು.

ಕಾನೂನಿನ ನಿಲುವು

ಬಳಕೆದಾರರಿಂದ ಶುಲ್ಕ ಪಡೆಯುವುದು ಪುರಸಭೆಯ ಮರ್ಜಿಯ ವಿಷಯವೆಂದು ಭಾವಿಸುವವರು, ಪರ್ಯಾವರಣ ಸುರಕ್ಷಾ ಸಮಿತಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 22-2-2017ರಂದು ನೀಡಿದ ತೀರ್ಪನ್ನು ಗಮನಿಸಬೇಕು. ಸ್ಥಳೀಯ ಸಂಸ್ಥೆಗಳು ಶುದ್ಧೀಕರಣ ಘಟಕಗಳನ್ನು ಮೂರು ವರ್ಷಗಳಲ್ಲಿ ಸ್ಥಾಪಿಸಬೇಕೆಂದು ಅದು ಆದೇಶಿಸಿತು. ಹಣ ಸಾಲದಿದ್ದರೆ ಘಟಕಗಳನ್ನು ಸ್ಥಾಪಿಸಲು ಮಾತ್ರವಲ್ಲದೆ ನಡೆಸಲು ಕೂಡ ಬಳಕೆದಾರರಿಂದ ವಸೂಲು ಮಾಡುವ ನಿಯಮ ರೂಪಿಸಿಕೊಳ್ಳಬಹುದೆಂದೂ ತಿಳಿಸಿತು.

ಕಟ್ಟದಿದ್ದರೆ ಆಗುವ ವೆಚ್ಚಕ್ಕೂ ಉದಾಹರಣೆಯಿದೆ. ಆನೇಕಲ್ ತಾಲ್ಲೂಕಿನ ಚಂದಾಪುರ ಕೆರೆ ಕಲುಷಿತಗೊಂಡ ಪ್ರಕರಣದಲ್ಲಿ ಹಸಿರು ನ್ಯಾಯಮಂಡಳಿಯು 2022ರ ಅಕ್ಟೋಬರ್‌ನಲ್ಲಿ ರಾಜ್ಯ ಸರ್ಕಾರಕ್ಕೆ ರೂ. 500 ಕೋಟಿ ಪರಿಸರ ಪರಿಹಾರ ವಿಧಿಸಿತು. ಸರ್ಕಾರದ ಮೇಲೆ ಬೀಳುವ ಇಂಥ ಹೊರೆ ಕಡೆಗೆ ತೆರಿಗೆದಾರರದ್ದೇ. ಅದರಲ್ಲಿ ವರ್ತಕ ಸಮುದಾಯದ ಪಾಲು ಎಷ್ಟೆಂದು ನಾನು ಹೇಳಬೇಕಾಗಿಲ್ಲ.

ತಿಂಗಳ ಶುಲ್ಕದಿಂದ ಕೆರೆ ಉಳಿಯಬಲ್ಲುದೇ ಎಂಬ ಸಂಶಯಕ್ಕೆ ಹೊರದೇಶದ ಒಂದು ನಿದರ್ಶನವಿದೆ. ಅಮೆರಿಕದ ಸಿಯಾಟಲ್ ನಗರದ ಪಕ್ಕದ ವಾಷಿಂಗ್ಟನ್ ಸರೋವರಕ್ಕೆ ಸುತ್ತಲಿನ ಸಣ್ಣ ಊರುಗಳ ಘಟಕಗಳು ಶುದ್ಧೀಕರಿಸಿದ ನೀರನ್ನೇ ಬಿಡುತ್ತಿದ್ದವು. ಆದಾಗ್ಯೂ ಅದರಲ್ಲಿ ಉಳಿದ ರಂಜಕದಿಂದ 1955ರ ವೇಳೆಗೆ ಸರೋವರದಲ್ಲಿ ಪಾಚಿ ಹಬ್ಬತೊಡಗಿತು. ಊರುಗಳನ್ನು ಒಗ್ಗೂಡಿಸಿ ಒಂದೇ ಸಂಸ್ಥೆ ರಚಿಸುವ ಪ್ರಸ್ತಾವ 1958ರ ಮಾರ್ಚ್‌ನಲ್ಲಿ ಮತದಾನದಲ್ಲಿ ಬಿದ್ದುಹೋಯಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ತಿದ್ದುಪಡಿಗಳೊಂದಿಗೆ ಅಂಗೀಕಾರವಾಯಿತು. ಪತ್ರಗಳ ಮೂಲಕ ಸಾಲ ಎತ್ತಿ, ಬಳಕೆದಾರರ ಮಾಸಿಕ ಶುಲ್ಕದಿಂದ ತೀರಿಸುವ ಏರ್ಪಾಡಾಯಿತು. 1963ರಿಂದ 1968ರೊಳಗೆ ಆ ನೀರನ್ನೆಲ್ಲ ಸರೋವರದಿಂದ ಬೇರೆಡೆಗೆ ತಿರುಗಿಸಲಾಗಿ, ಕೆಲವೇ ವರ್ಷಗಳಲ್ಲಿ ಸರೋವರ ತಿಳಿಯಾಯಿತು. ಅಲ್ಲಿ ಸಮುದ್ರದ ಕವಲು ಹತ್ತಿರವಿತ್ತು, ನಮಗೆ ಆ ಅನುಕೂಲವಿಲ್ಲ. ಹಣ ಕೂಡಿಸಿದ ರೀತಿಯನ್ನು ಮಾತ್ರ ನಾವೂ ಅನುಸರಿಸಬಹುದು.

ಬಿತ್ತುವಟ್ಟದ ನಾಡಿನಲ್ಲಿ

ಶುಲ್ಕವೆಂಬುದು ನಮಗೆ ಹೊಸತೂ ಅಲ್ಲ. ಕನ್ನಡ ನಾಡಿನ ಶಾಸನಗಳಲ್ಲಿ ಬರುವ 'ಬಿತ್ತುವಟ್ಟ', 'ದಸವಂದ' ಎಂಬ ಪದಗಳನ್ನು ವಾಚಕರು ಕೇಳಿರಬಹುದು. ಕೆರೆ ಕಟ್ಟಿಸಿದವರಿಗೆ ಅಥವಾ ಅದರ ದುರಸ್ತಿ ನೋಡಿಕೊಳ್ಳುವವರಿಗೆ ಆ ಕೆರೆಯ ನೀರುಣ್ಣುವ ಭೂಮಿಯಲ್ಲಿ ಒಂದಂಶವನ್ನು ಬಿಟ್ಟುಕೊಡುವ ಏರ್ಪಾಡು ಅದು. ಕೆರೆ ಕಟ್ಟಿಸುವಾಗಲೇ ಅದರ ನಿರ್ವಹಣೆಯ ಆದಾಯವನ್ನೂ ಗೊತ್ತುಪಡಿಸಿ ಕಲ್ಲಿನ ಮೇಲೆ ಬರೆಸುತ್ತಿದ್ದರು. 15ನೇ ಹಣಕಾಸು ಆಯೋಗವು 2021ರಿಂದ 2026ರ ಅವಧಿಗೆ ಸಣ್ಣ ನಗರಗಳ ಅನುದಾನದಲ್ಲಿ ಶೇ. 60ರಷ್ಟನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಕಟ್ಟಿಹಾಕಿತ್ತು. ಇಂಥ ಅನುದಾನ ಸಹಾಯಕವೇ ಹೌದು. ಆದರೆ ಅದು ಅವಧಿಗೆ ಒಳಪಟ್ಟದ್ದು. ಘಟಕ ಮೂವತ್ತು ವರ್ಷ ನಡೆಯಬೇಕಾದದ್ದು.

ಶುಲ್ಕಕ್ಕೆ ವರ್ತಕರ ವಿರೋಧವಿರುವುದು ಸಹಜ. ಕೊಟ್ಟ ಹಣ ಸಾಮಾನ್ಯ ನಿಧಿಯಲ್ಲಿ ಕರಗಿ ಬೇರೆ ಬಾಬಿಗೆ ಖರ್ಚಾಗುತ್ತದೆ ಎಂಬ ಶಂಕೆ ನಿರಾಧಾರವೇನಲ್ಲ. ಆದುದರಿಂದ ನಾವು ಶುಲ್ಕವನ್ನು ವಿರೋಧಿಸುವ ಬದಲು ಷರತ್ತಿನ ಮೇಲೆ ಒಪ್ಪಬೇಕು. ಒಳಚರಂಡಿ ಶುಲ್ಕಕ್ಕೆ ಪ್ರತ್ಯೇಕ ಬ್ಯಾಂಕ್ ಖಾತೆ ಇರಲಿ. ಘಟಕದ ಆದಾಯ ವೆಚ್ಚದ ಪಟ್ಟಿಯನ್ನು, ಅದರ ಜೊತೆಗೆ ಕೆರೆ ಸೇರುವ ಬಿಂದುವಿನಲ್ಲಿ ಮಾಡಿಸಿದ ಬಿ.ಓ.ಡಿ. ಮತ್ತು ರಂಜಕದ ಪರೀಕ್ಷಾ ವರದಿಯನ್ನು ಮೂರು ತಿಂಗಳಿಗೊಮ್ಮೆ ಪುರಸಭೆಯ ಫಲಕದಲ್ಲಿ ಪ್ರಕಟಿಸಲಿ. ಹಣ ಕೊಟ್ಟವರಿಗೆ ನೀರಿನ ಗುಣವೇ ರಸೀದಿ.

ನಮ್ಮ ಕಡೆಯ ಕರ್ತವ್ಯವೂ ಇದೆ. ಹೋಟೆಲುಗಳು ಜಿಡ್ಡು ತಡೆಯುವ ತೊಟ್ಟಿಯನ್ನು, ವಾಹನ ತೊಳೆಯುವ ಕೇಂದ್ರಗಳು ಎಣ್ಣೆ ಬೇರ್ಪಡಿಸುವ ತೊಟ್ಟಿಯನ್ನು ಇಡಬೇಕು. ಇಟ್ಟದ್ದನ್ನು ವಾರಕ್ಕೊಮ್ಮೆ ಶುಚಿಗೊಳಿಸಬೇಕು. ಜಿಡ್ಡು ಕೊಳವೆಗಳನ್ನು ಕಟ್ಟಿಸುತ್ತದೆ, ಜೊಂಡಿನ ಶೋಧಕಗಳನ್ನು ಮುಚ್ಚಿಬಿಡುತ್ತದೆ. ಶೌಚಗುಂಡಿಯ ಹೊರಹರಿವನ್ನು ಮಳೆನೀರಿನ ಚರಂಡಿಗೆ ಜೋಡಿಸಿಕೊಂಡಿರುವ ಕಟ್ಟಡಗಳು ಪೇಟೆ ಬೀದಿಯಲ್ಲಿ ಎಷ್ಟಿವೆ ಎಂಬುದು ನಮಗೇ ಗೊತ್ತು.

ಶುದ್ಧೀಕರಿಸಿದ ನೀರನ್ನು ಕೊಳ್ಳುವವರೂ ನಾವೇ ಆಗಬಹುದು. ಕಟ್ಟಡ ನಿರ್ಮಾಣ, ಇಟ್ಟಿಗೆ ತಯಾರಿಕೆ, ರಸ್ತೆಗೆ ನೀರು ಸಿಂಪಡಣೆ ಮುಂತಾದವುಗಳಿಗೆ ಕೊಳವೆ ಬಾವಿಯ ನೀರು ಅನಗತ್ಯ. ಹೀಗೆ ಮಾರಾಟವಾಗುವ ಸಂಸ್ಕರಿತ ಕೊಳಚೆ ನೀರಿನ ಮೇಲೆ ಜಿ.ಎಸ್.ಟಿ. ಇಲ್ಲವೆಂದು 2022ರ ಆಗಸ್ಟ್ 3ರ ಸುತ್ತೋಲೆ ಸ್ಪಷ್ಟಪಡಿಸಿದೆ. ಹಿಪ್ಪುನೇರಳೆ, ಮೇವಿನ ಹುಲ್ಲು ಬೆಳೆಯುವ ರೈತರಿಗೂ ಈ ನೀರು ಉಪಯುಕ್ತ. ಕೆರೆಗೆ ಶತ್ರುವಾದ ರಂಜಕ ಅವರ ಹೊಲಕ್ಕೆ ಗೊಬ್ಬರ. ಕೆರೆಗೆ ಹೋಗುವ ಪ್ರಮಾಣ ತಗ್ಗಿದಷ್ಟೂ ಕೆರೆಗೂ, ಪುರಸಭೆಯ ಖಾತೆಗೂ ಒಳಿತು.

ಪುರಸಭೆಗಳು ಪ್ರತಿ ವರ್ಷ ಆಯವ್ಯಯ ಮಂಡನೆಗೆ ಮೊದಲು ಸಾರ್ವಜನಿಕರ ಪೂರ್ವಭಾವಿ ಸಭೆ ಕರೆಯುವ ವಾಡಿಕೆಯಿದೆ. ಆ ಸಭೆಗೆ ಹೋಗುವ ನಮ್ಮ ಪ್ರತಿನಿಧಿಗಳು ಮುಖ್ಯಾಧಿಕಾರಿಗಳಿಂದ ಮೂರು ಅಂಕಿಗಳನ್ನು ಲಿಖಿತವಾಗಿ ಕೇಳಲಿ: ಕಳೆದ ವರ್ಷ ಘಟಕ ಎಷ್ಟು ದಿನ ನಡೆಯಿತು, ಅದರ ವಿದ್ಯುತ್ ಬಾಕಿ ಎಷ್ಟು, ಒಳಚರಂಡಿ ಶುಲ್ಕದ ಬೇಡಿಕೆ ಮತ್ತು ವಸೂಲಿ ಎಷ್ಟು. ಘಟಕವೇ ಇಲ್ಲದ ಊರಿನವರು ಮಲಕೆಸರು ಹೊತ್ತ ವಾಹನಗಳು ಎಲ್ಲಿ ಖಾಲಿಯಾಗುತ್ತಿವೆ ಎಂದು ಕೇಳಬಹುದು.